ಸಂಶಯದ ಲಾಭ ಯಾರಿಗೆ?

ನಮ್ಮ ಕಡೆಯ ಹೆಂಗಸರು ಬೆರಳ ಗೆಣ್ಣಿನಿಂದ ತಟ್ಟಿ ನೋಡದೆ ಮಡಕೆ ಕೊಳ್ಳುತ್ತಿರಲಿಲ್ಲ. 'ಟಣ್' ಎಂದರೆ ಗಟ್ಟಿ, 'ಬದ್' ಎಂದರೆ ಬಿರುಕು. ಒಡೆಯದೆ ಒಳಗನ್ನು ತಿಳಿಯುವ ಇಂಥದೇ ಜಾಣತನ ವಿದ್ಯುತ್ ಸ್ಥಾವರಗಳಲ್ಲಿ ದೊಡ್ಡ ವಿದ್ಯೆಯಾಗಿ ಬೆಳೆದಿದೆ.

ಅನೇಕ ಪರಮಾಣು ಸ್ಥಾವರಗಳಲ್ಲಿ ಉಗಿ ಹುಟ್ಟುವ ಕಡೆ ಸಾವಿರಾರು ಸಪೂರ ಕೊಳವೆಗಳಿರುತ್ತವೆ. ಒಳಗೆ ವಿಕಿರಣದ ಸೋಂಕಿರುವ ಬಿಸಿನೀರು, ಹೊರಗೆ ಉಗಿಯಾಗುವ ಶುದ್ಧ ನೀರು. ನಡುವೆ ಒಂದು ಮಿಲಿಮೀಟರಿನ ಆಸುಪಾಸಿನ ಲೋಹದ ಗೋಡೆ. ಎಲ್ಲವನ್ನೂ ಕೊಯ್ದು ನೋಡಲಾದೀತೆ? ಅದಕ್ಕೇ ತಂತಿಯ ಸುರುಳಿಯೊಂದನ್ನು ಕೊಳವೆಯೊಳಗೆ ತೂರಿಸಿ ಪರ್ಯಾಯ ವಿದ್ಯುತ್ತು ಹರಿಸುತ್ತಾರೆ. 1831ರಲ್ಲಿ ಫ್ಯಾರಡೆ ಕಂಡುಕೊಂಡ ನಿಯಮದಂತೆ ಲೋಹದಲ್ಲಿ ಹೊಳೆಯ ಸುಳಿಯಂಥ ಪ್ರವಾಹ ಏಳುತ್ತದೆ. ಬಿರುಕು ಅಡ್ಡಬಂದಲ್ಲಿ ಸುಳಿ ದಾರಿ ಬದಲಿಸುತ್ತದೆ. ಪರದೆಯ ಮೇಲಿನ ಗೆರೆ ಅಲುಗುತ್ತದೆ.

ಆದರೆ ಅಂಟಿಕೊಂಡ ಕಿಟ್ಟಕ್ಕೂ ಕೊಳವೆಯ ಬಾಗಿಗೂ ಗೆರೆ ಅಲುಗೀತು. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಇಂಡಿಯನ್ ಪಾಯಿಂಟ್ ಸ್ಥಾವರದ ಎರಡನೆಯ ಘಟಕದಲ್ಲಿ 1997ರಲ್ಲಿ ಈ ಪರೀಕ್ಷೆ ನಡೆದಾಗ, ಒಂದು ಕೊಳವೆಯ ಬಿರುಕಿನ ಸುಳಿವು ಇಂಥ ಗದ್ದಲದಲ್ಲಿ ಮುಳುಗಿತ್ತು. ನೋಡಿದವರು ಗುರುತಿಸಲಿಲ್ಲ. 2000ದ ಫೆಬ್ರವರಿ 15ರಂದು ಅದೇ ಕೊಳವೆ ಒಡೆದು ಸೋರಿತು. ಪುಣ್ಯಕ್ಕೆ ಜನರಿಗೆ ಹಾನಿಯಾಗಲಿಲ್ಲ.

ನನ್ನನ್ನು ಕಾಡುವ ಪ್ರಶ್ನೆ ಇದು: ಸುಳಿವು ಅಸ್ಪಷ್ಟವಾಗಿದ್ದಾಗ ಸಂಶಯದ ಲಾಭ ಯಾರಿಗೆ ಸಲ್ಲಬೇಕು? ನ್ಯಾಯಾಲಯದಲ್ಲಿ ಆರೋಪಿಗೆ. ಕೊಳವೆಗೆ ಮಾತ್ರ ಹಾಗೆ ಕೊಡುವಂತಿಲ್ಲ. ಅನುಮಾನ ಬಲವಾದರೆ ಎರಡೂ ತುದಿಗೆ ಬಿರಡೆ ಜಡಿದು ಅದನ್ನು ಕೆಲಸದಿಂದ ತೆಗೆಯುತ್ತಾರೆ. ಸರಿಯೇ. ಲೋಹಕ್ಕೆ ಮಾನ ಹೋಗುವ ಭಯವಿಲ್ಲ; ಸುತ್ತ ಬದುಕುವವರಿಗೆ ಪ್ರಾಣವಿದೆ.

ತರಗತಿಗೆ ಬಂದರೆ ಈ ನಿಯಮ ನನಗೆ ಅರ್ಧ ಮಾತ್ರ ಒಪ್ಪಿಗೆ. ಕಲಕಲ ಮಾತಾಡುತ್ತಿದ್ದ ಹುಡುಗಿ ವಾರಗಟ್ಟಲೆ ಮೌನವಾದರೆ, 'ಈ ವಯಸ್ಸೇ ಹಾಗೆ' ಎಂದು ಸುಮ್ಮನಿರುವುದು ಸುಲಭ. ಅದು ಸುಳಿವನ್ನು ಗದ್ದಲವೆಂದು ತಳ್ಳಿಹಾಕಿದ ಹಾಗೆ. 'ಏನೋ ಇದೆ' ಎಂದು ನಾಲ್ಕು ಜನರಿಗೆ ಹೇಳಿ ಅವಳನ್ನು ಶಾಲೆ ಬಿಡಿಸುವುದೂ ಸುಲಭ. ಅದು ಬಿರಡೆ ಜಡಿದ ಹಾಗೆ. ನಮ್ಮ ಊರುಗಳಲ್ಲಿ ಎಷ್ಟು ಹೆಣ್ಣುಮಕ್ಕಳ ಓದು ಬರೀ ಅನುಮಾನಕ್ಕೇ ನಿಂತುಹೋಗಿದೆ!

ಕಷ್ಟದ್ದು ಮೂರನೆಯ ದಾರಿ. ಗೆರೆ ಸ್ಪಷ್ಟವಾಗದಿದ್ದರೆ ತಂತ್ರಜ್ಞರು ಬೇರೆ ಬಗೆಯ ಸುರುಳಿ ಹಾಕಿ ಮತ್ತೆ ನೋಡುತ್ತಾರೆ. ನಾವೂ ಹುಡುಗಿಯನ್ನು ಬೇರೆಯವರ ಕಿವಿಗೆ ಬೀಳದಂತೆ ಪಕ್ಕದಲ್ಲಿ ಕೂರಿಸಿಕೊಂಡು, ಇವತ್ತು ಹೇಳದಿದ್ದರೆ ನಾಳೆ ಮತ್ತೆ ಕೇಳಬೇಕು. ಕೊಳವೆಯ ಮೇಲಿನ ಸಂಶಯ ಅದನ್ನು ಮುಚ್ಚಿಸಲಿ. ಮನುಷ್ಯರ ಮೇಲಿನ ಸಂಶಯ ನಮ್ಮಿಂದ ಇನ್ನಷ್ಟು ಹೊತ್ತು ಕೇಳಿಸಿಕೊಳ್ಳುವ ತಾಳ್ಮೆಯನ್ನು ಬೇಡುತ್ತದೆ.