ಮೂರನೇ ವೈರು

ಇವತ್ತು ಒಂದು ಪ್ರಶ್ನೆ ಕೇಳ್ತೀನಿ. ದೀಪ ಉರಿಯುತ್ತಿದೆ ಅಂದ ಮಾತ್ರಕ್ಕೆ ಅದನ್ನು ಸರಿಯಾಗಿ ಮಾಡಿದ್ದಾರೆ ಅನ್ನಬಹುದಾ? ಪಕ್ಕದಲ್ಲಿ ಕೂತವರನ್ನೂ ಕೇಳಿ.

ನಮ್ಮಲ್ಲಿ ಕೆಲವರು ಚಿಕ್ಕಪೇಟೆಯ ಸಂಡೇ ಬಜಾರಿನಿಂದ ಹಳೇ ಪೆಟ್ರೋಮ್ಯಾಕ್ಸ್ ತಂದು ಟೇಬಲ್ ಲ್ಯಾಂಪ್ ಮಾಡ್ತಿದ್ದೀರಿ. ನಾನೂ ಒಂದು ಮಾಡಿದೀನಿ. ಪೆಟ್ರೋಮ್ಯಾಕ್ಸ್ ಅನ್ನೋದು ಮೊದಲು ಬರ್ಲಿನ್ನಿನ ಒಂದು ಕಂಪನಿಯ ಬ್ರ್ಯಾಂಡ್ ಹೆಸರಾಗಿತ್ತು. ನಮ್ಮ ಊರುಗಳಲ್ಲಿ ಯಾರು ತಯಾರಿಸಿದ್ದಾದರೂ ಅದೇ ಹೆಸರು, ಇಲ್ಲಾಂದ್ರೆ ಗ್ಯಾಸ್‌ಲೈಟ್. ಮದುವೆಗೂ ಅದೇ, ಬಯಲಾಟಕ್ಕೂ ಅದೇ. ನಿಮ್ಮ ಅಜ್ಜನನ್ನು ಕೇಳಿ ನೋಡಿ, ಪಂಪು ಹೊಡೆಯೋ ಸದ್ದನ್ನು ಬಾಯಲ್ಲೇ ಮಾಡಿ ತೋರಿಸ್ತಾರೆ.

ಅಂಥ ವಸ್ತುವಿಗೆ ಡ್ರಿಲ್ ಹಾಕಬಹುದಾ ಅಂತ ಒಬ್ಬ ತಮ್ಮ ಕೇಳಿದ. ಬೇಡ ಅನ್ನೋದು ನನ್ನ ಅಭಿಪ್ರಾಯ. ಪಂಪು ಬಿಚ್ಚಿದರೆ ಟ್ಯಾಂಕಿನಲ್ಲಿ ಒಂದು ತೂತು ಸಿಗುತ್ತೆ, ಸೀಮೆಎಣ್ಣೆ ಮೇಲೇರುವ ಕೊಳವೆ ಬಿಚ್ಚಿದರೆ ಇನ್ನೊಂದು. ವೈರು ಅದರಿಂದ ಇದಕ್ಕೆ ಹೋಗುತ್ತೆ. ಬಿಚ್ಚಿದ ಭಾಗಗಳನ್ನು ಡಬ್ಬಿಯಲ್ಲಿ ಎತ್ತಿಡಿ, ಮುಂದೆ ಯಾರಿಗಾದರೂ ಅದನ್ನು ಮತ್ತೆ ಪೆಟ್ರೋಮ್ಯಾಕ್ಸ್ ಮಾಡಬೇಕು ಅನ್ನಿಸಬಹುದು. ಟ್ಯಾಂಕನ್ನು ಪೂರ್ತಿ ಖಾಲಿ ಮಾಡಿ, ತೊಳೆದು, ಗಾಳಿಗೆ ಒಣಗಿಸಿ. ಹಳೇ ಮ್ಯಾಂಟಲ್ ಇದ್ದರೆ ಊದಬೇಡಿ, ಅದರಲ್ಲಿ ಥೋರಿಯಂ ಇರಬಹುದು. ಇದು ಸುಲಭದ ಭಾಗ.

ಕಷ್ಟದ ಭಾಗ ಯಾರ ಕಣ್ಣಿಗೂ ಬೀಳಲ್ಲ. ಬಲ್ಬ್ ಉರಿಯೋಕೆ ಎರಡು ವೈರು ಸಾಕು. ಎರಡು ಪಿನ್ನಿನ ಪ್ಲಗ್ ಹಾಕಿ, ಸ್ವಿಚ್ ಒತ್ತಿ, ಬೆಳಕು ಬರುತ್ತೆ. ಫೋಟೋನೂ ಚೆನ್ನಾಗಿ ಬರುತ್ತೆ, ಲೈಕ್ ಮೇಲೆ ಲೈಕ್. ಆದರೆ ದೀಪದ ಮೈ ಹಿತ್ತಾಳೆ. ತೂತಿನ ಅಂಚಿಗೆ ಉಜ್ಜಿ ಉಜ್ಜಿ ಒಂದು ದಿನ ವೈರಿನ ಹೊದಿಕೆ ಸವೆದರೆ ಇಡೀ ದೀಪಕ್ಕೇ ಕರೆಂಟ್ ಬರುತ್ತೆ. ಬಲ್ಬ್ 5 ವಾಟಿನದ್ದೇ ಇರಲಿ, ವೈರಿನಲ್ಲಿರೋದು 230 ವೋಲ್ಟ್. ಆಗಲೂ ದೀಪ ಉರಿಯುತ್ತಲೇ ಇರುತ್ತೆ. ನನಗೆ ಭಯ ಹುಟ್ಟಿಸೋದು ಅದೇ.

ಹಸಿರು ಬಣ್ಣದ ಮೂರನೇ ವೈರು, ಅಂದ್ರೆ ಅರ್ಥಿಂಗ್, ಎಲ್ಲ ಸರಿ ಇರೋವರೆಗೂ ಏನೂ ಮಾಡಲ್ಲ. ಅದರಿಂದ ಬೆಳಕು ಒಂದು ಚೂರೂ ಜಾಸ್ತಿ ಆಗಲ್ಲ. ಕೆಟ್ಟ ದಿನ ಬಂದಾಗ ಕರೆಂಟು ಆ ದಾರಿ ಹಿಡಿಯುತ್ತೆ, ಫ್ಯೂಸ್ ಹೋಗುತ್ತೆ, ಮನುಷ್ಯ ಉಳೀತಾನೆ.

"ನನ್ನ ದೀಪ, ನನ್ನ ರಿಸ್ಕ್" ಅಂತೀರಾ? ಒದ್ದೆ ಬಟ್ಟೆಯಲ್ಲಿ ಅದನ್ನು ಒರೆಸೋರು ಯಾರು? ಬಹಳ ಮನೆಗಳಲ್ಲಿ ಅಮ್ಮ, ಇಲ್ಲವೇ ಮನೆಕೆಲಸಕ್ಕೆ ಬರೋ ಅಕ್ಕ. ಒಳಗೆ ಎಷ್ಟು ವೈರಿದೆ ಅಂತ ಅವರಿಗೆ ಗೊತ್ತಿಲ್ಲ. ಗೊತ್ತೇ ಇಲ್ಲದ ಅಪಾಯಕ್ಕೆ ಅವರು ಒಪ್ಪಿದ್ದಾರೆ ಅನ್ನೋಕಾಗುತ್ತಾ? ನೆರೆಯವರು ಯಾರು ಅಂತ ದೂರ ಹುಡುಕೋದು ಬೇಡ, ಪ್ರಿಯರೇ. ಆಮೆನ್ ಹೇಳೋಕೆ ಮುಂಚೆ ಸ್ವಲ್ಪ ಯೋಚನೆ ಮಾಡಿ.

ಹಾಗಾದ್ರೆ ಮೂರು ಎಳೆಯ ವೈರು, ಮೂರು ಪಿನ್ನಿನ ಪ್ಲಗ್ ತನ್ನಿ. ತೂತಿನ ಬಾಯಿಗೆ ರಬ್ಬರ್ ಬಳೆ ಕೂರಿಸಿ. ಅರ್ಥ್ ವೈರನ್ನು ಹಿತ್ತಾಳೆಗೆ ಸ್ಕ್ರೂ ಹಾಕಿ ಬಿಗಿಯುವಾಗ, ಬಣ್ಣ ಅಥವಾ ಪಾಲಿಶ್ ಇದ್ದರೆ ಕೆರೆದು ಬರೀ ಲೋಹಕ್ಕೆ ತಾಗಿಸಿ. ಇನ್ನೊಂದು, ಕೆಲವು ಹಳೇ ಬಾಡಿಗೆ ಮನೆಗಳಲ್ಲಿ ಸಾಕೆಟ್ಟಿನ ಮೂರನೇ ತೂತಿಗೆ ಒಳಗೆ ಏನೂ ಜೋಡಿಸಿರಲ್ಲ. ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ. ಓನರ್ ಗೊಣಗಬಹುದು, ಗೊಣಗಲಿ.

ದೀಪ ತಂದಿರೋರು ಕೂಟ ಮುಗಿದ ಮೇಲೆ ಮುಂದೆ ಬನ್ನಿ. ಮಲ್ಟಿಮೀಟರ್ ನನ್ನ ಬ್ಯಾಗಲ್ಲೇ ಇದೆ. ಒಂದು ಕಡ್ಡಿ ಪ್ಲಗ್ಗಿನ ದಪ್ಪ ಪಿನ್ನಿಗೆ, ಇನ್ನೊಂದು ಹಿತ್ತಾಳೆಗೆ. ಬೀಪ್ ಬರುತ್ತಾ ನೋಡೋಣ.