ಬಿಗಿ ಬಿಟ್ಟರೆ ಬಲ

ಯಾರಾದರೂ ನಮ್ಮ ಮೇಲೆ ದನಿ ಏರಿಸಿದರೆ ಭುಜ ಸೆಟೆಯುತ್ತದೆ, ಹಲ್ಲು ಕಚ್ಚುತ್ತೇವೆ, ಉಸಿರು ಎದೆಯಲ್ಲೇ ಕಟ್ಟುತ್ತದೆ. ಮಾತಿಗೆ ಮಾತು ಬೆಳೆದು, ಜಗಳ ಶುರುವಾದದ್ದು ಯಾವುದಕ್ಕೆ ಎಂಬುದೇ ಮರೆತುಹೋಗುತ್ತದೆ. ಈ ಸೆಟೆತವನ್ನು ಬಿಡಿಸುವುದರಿಂದಲೇ ಪಾಠ ಆರಂಭಿಸುವ ಸಮರವಿದ್ಯೆಯೊಂದಿದೆ. ಅದು ತೈ ಚಿ.

17ನೇ ಶತಮಾನದಲ್ಲಿ ಚೀನಾದ ಹೆನಾನ್ ಪ್ರಾಂತ್ಯದಲ್ಲಿ, ಚೆನ್ ಮನೆತನದ ಹಳ್ಳಿಯಲ್ಲಿ ಬೆಳೆದ ಈ ವಿದ್ಯೆಗೆ ತಾವೊ ಚಿಂತನೆಯ ನಂಟಿದೆ. ಆ ಚಿಂತನೆಯ ಮೂಲಗ್ರಂಥವಾದ, ಪ್ರಾಚೀನ ಚಿಂತಕ ಲಾವೋತ್ಸೆಯ ಹೆಸರಿನಲ್ಲಿರುವ ಕೃತಿಯನ್ನು, ಮೈಸೂರು ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದ ಯು.ಆರ್. ಅನಂತಮೂರ್ತಿಯವರು 'ದಾವ್ ದ ಜಿಂಗ್' ಎಂದು ಕನ್ನಡಕ್ಕೆ ತಂದಿದ್ದಾರೆ. ತಗ್ಗಿಗೆ ಹರಿಯುವ ನೀರೇ ಬಂಡೆಯನ್ನು ಸವೆಸುತ್ತದೆ, ಮೆತ್ತಗಿರುವುದೇ ಕೊನೆಗೆ ಉಳಿಯುತ್ತದೆ ಎಂಬುದು ಅದರ ತಿರುಳು.

ತೈ ಚಿಯಲ್ಲಿ ಇಬ್ಬರು ಎದುರುಬದುರು ನಿಂತು, ಮಣಿಕಟ್ಟಿಗೆ ಮಣಿಕಟ್ಟು ತಾಗಿಸಿ ಮಾಡುವ ಅಭ್ಯಾಸವೊಂದಿದೆ. ಒಬ್ಬರು ತಳ್ಳುತ್ತಾರೆ. ಇನ್ನೊಬ್ಬರು ತಡೆಯುವುದಿಲ್ಲ, ಮೈಭಾರವನ್ನು ಹಿಂಗಾಲಿಗೆ ಬಿಟ್ಟು ಸೊಂಟ ತಿರುಗಿಸುತ್ತಾರೆ. ತಳ್ಳಿದ ಬಲ ಪಕ್ಕಕ್ಕೆ ಜಾರಿಹೋಗಿ, ತಳ್ಳಿದವರೇ ಮುಂದಕ್ಕೆ ವಾಲುತ್ತಾರೆ. ಆಗ ಅಂಗೈಯ ಹಗುರ ಒತ್ತು ಸಾಕು. ನಿಂತಲ್ಲೇ ಮಾಡುವ ಈ ಅಭ್ಯಾಸದಲ್ಲಿ ಪಾದ ಕದಲಿಸಿದವರು ಸೋತಂತೆ.

ಇದು ಮೈಸೂರಿಗೆ ಹೊಸದೇನಲ್ಲ. ದಸರೆಯಲ್ಲಿ ದೊಡ್ಡಕೆರೆ ಮೈದಾನದ ಕುಸ್ತಿ ನೋಡಿದವರಿಗೆ ಗೊತ್ತು: ನುಗ್ಗಿ ಬಂದವನ ರಭಸವನ್ನೇ ಬಳಸಿ ಅವನನ್ನು ಕೆಡವುವ ಪೈಲ್ವಾನನಿಗೆ ಚಪ್ಪಾಳೆ ಹೆಚ್ಚು. ಉಸಿರಿನ ಪಾಠವೂ ಇಲ್ಲಿ ಹಳೆಯದೇ: 1930ರ ದಶಕದಲ್ಲಿ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯ ಯೋಗಶಾಲೆ ನಡೆಸಿದ ತಿರುಮಲೈ ಕೃಷ್ಣಮಾಚಾರ್ಯರು ಚಲನೆಯನ್ನು ಉಸಿರಿಗೆ ಜೋಡಿಸಿದರು. ಅವರ ಶಿಷ್ಯ ಪಟ್ಟಾಭಿ ಜೋಯಿಸರಿಂದ ಜಗತ್ತಿಗೆ ಪರಿಚಯವಾದ 'ಮೈಸೂರು ಶೈಲಿ'ಯಲ್ಲಿ ಪ್ರತಿಯೊಬ್ಬರೂ ತಮ್ಮ ಉಸಿರಿನ ಗತಿಯಲ್ಲೇ ಸಾಗುತ್ತಾರೆ. ಒಂದು ಆಸನ ಮೈಗೂಡದೆ ಮುಂದಿನದಕ್ಕೆ ಹೋಗುವಂತಿಲ್ಲ.

ತೈ ಚಿಯ ನಿಧಾನದ ಅಭ್ಯಾಸಕ್ಕೆ ವೈದ್ಯಕೀಯ ಬೆಂಬಲವೂ ಇದೆ. 2012ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 195 ಪಾರ್ಕಿನ್ಸನ್ ರೋಗಿಗಳು ಪಾಲ್ಗೊಂಡಿದ್ದರು. 24 ವಾರ ತೈ ಚಿ ಮಾಡಿದವರ ಸಮತೋಲನ, ಮೈ ಎಳೆಯುವ ವ್ಯಾಯಾಮ ಮಾಡಿದವರಿಗಿಂತ ಚೆನ್ನಾಗಿತ್ತು, ಬೀಳುವುದೂ ಕಡಿಮೆಯಾಗಿತ್ತು.

ಇದನ್ನು ನಡವಳಿಕೆಗೆ ತರುವುದು ಹೇಗೆ? ನಾಳೆ ಕುಕ್ಕರಹಳ್ಳಿ ಕೆರೆಯ ಏರಿಯಲ್ಲಿ ವಾಕಿಂಗ್ ಮಾಡುವಾಗ ಸ್ವಲ್ಪ ದೂರ ಬಹಳ ನಿಧಾನವಾಗಿ ನಡೆಯಿರಿ. ಒಂದು ಕಾಲಿಗೆ ಪೂರ್ತಿ ಭಾರ ಬಿದ್ದ ಮೇಲೆಯೇ ಇನ್ನೊಂದನ್ನು ಎತ್ತಿ. ಮೈಯಲ್ಲಿ ಎಲ್ಲೆಲ್ಲಿ ಬಿಗಿ ಇದೆ ಎಂದು ಆಗ ತಿಳಿಯುತ್ತದೆ. ಸಿಟ್ಟು ಬಂದಾಗಲೂ ಮೊದಲು ಭುಜ ಇಳಿಬಿಡಿ, ಉಸಿರು ಪೂರ್ತಿ ಹೊರಬಿಡಿ, ಆಮೇಲೆ ಬಾಯಿ ತೆರೆಯಿರಿ.

ನೀವು ಕೆಲಸ ಮಾಡುವ ಕೌಂಟರಿಗೆ ಬಂದವರು "ಎಷ್ಟು ಸಲ ಅಲೆಸ್ತೀರಿ?" ಎಂದು ರೇಗಿದರೆಂದುಕೊಳ್ಳಿ. "ರೂಲ್ಸ್ ಗೊತ್ತಿಲ್ವಾ?" ಎಂದರೆ ಜಗಳ ಖಾತ್ರಿ. "ಕೂತ್ಕೊಳ್ಳಿ ಸಾರ್, ಯಾವ ಕಾಗದ ಬಾಕಿ ಇದೆ ನೋಡೋಣ" ಎಂದರೆ ಅವರ ರೇಗಾಟಕ್ಕೆ ಎದುರೇ ಇರುವುದಿಲ್ಲ. ಹಾಗೆಂದು ಕಾಗದವಿಲ್ಲದೆ ಅರ್ಜಿ ತೆಗೆದುಕೊಳ್ಳಬೇಕಾಗಿಲ್ಲ. ಸೊಂಟ ತಿರುಗಿತು, ಪಾದ ಕದಲಲಿಲ್ಲ.

ಬಗ್ಗುವುದೆಂದರೆ ಅನ್ಯಾಯಕ್ಕೆ ತಲೆಬಾಗುವುದಲ್ಲ. ಯಾವುದರಲ್ಲಿ ರಾಜಿ ಸಲ್ಲದು ಎಂದು ಮೊದಲೇ ನಿಶ್ಚಯಿಸಿಕೊಂಡವರು ಉಳಿದೆಲ್ಲದರಲ್ಲಿ ಧಾರಾಳವಾಗಿ ಬಗ್ಗಬಲ್ಲರು. ಆ ನಿಶ್ಚಯವನ್ನು ಜಗಳದ ನಡುವೆ ಹುಡುಕಬೇಡಿ, ಮನಸ್ಸು ತಿಳಿಯಾಗಿದ್ದಾಗಲೇ ಮಾಡಿಕೊಳ್ಳಿ.