ಕಂಬಕ್ಕಿಂತ ಹಿರಿದು ಅಳತೆ

ಕಂಬ ನಿಲ್ಲಿಸಲು ತೋಳ್ಬಲ ಸಾಕು. ಎರಡು ಕಂಬಗಳ ನಡುವೆ ಎಷ್ಟು ಬಯಲು ಬಿಡಬೇಕೆಂದು ತೀರ್ಮಾನಿಸಲು ವಿವೇಕ ಬೇಕು. ಗ್ರೀಕರ ವಾಸ್ತುಶಿಲ್ಪ ಮೊಳೆತದ್ದು ಆ ಬಯಲಿನಲ್ಲಿ.

*

ಅಥೆನ್ಸಿನ ಪಾರ್ಥೆನಾನ್ ದೇಗುಲದ ಜಗಲಿ ಕಣ್ಣಿಗೆ ಸಮತಟ್ಟು. ಅಳೆದು ನೋಡಿದರೆ ಉದ್ದದ ಬದಿಯಲ್ಲಿ ನಡುಭಾಗ ತುದಿಗಳಿಗಿಂತ ಸುಮಾರು 11 ಸೆಂಟಿಮೀಟರ್ ಮೇಲಿದೆ; ಅಗಲದ ಬದಿಯಲ್ಲಿ ಸುಮಾರು 6. ಕಂಬಗಳು ತುಸುವೇ ಒಳಕ್ಕೆ ವಾಲಿವೆ, ಅವುಗಳ ಮೈ ಸಣ್ಣಗೆ ಉಬ್ಬಿದೆ, ಮೂಲೆಯ ಕಂಬಗಳು ಉಳಿದವಕ್ಕಿಂತ ಕೊಂಚ ದಪ್ಪ. ನೆಲವನ್ನು ಪೂರ್ತಿ ಮಟ್ಟಸವಾಗಿ ಕಟ್ಟಿದರೆ ನಡುವೆ ತಗ್ಗಾದಂತೆ ಕಂಡೀತೆಂದೇ ಈ ಉಬ್ಬು ಎಂದು ರೋಮಿನ ವಾಸ್ತುತಜ್ಞ ವಿಟ್ರುವಿಯಸ್ ಬರೆದಿಟ್ಟ. ನಿಯಮವನ್ನು ಪೂರ್ತಿ ಬಲ್ಲವನು ಮಾತ್ರ ಅದನ್ನು ಇಷ್ಟು ಮೆಲ್ಲನೆ ಬಾಗಿಸಬಲ್ಲ.

*

ಆ ಬಾಗಿನಿಂದಾಗಿ ಪಾರ್ಥೆನಾನಿನಲ್ಲಿ ಒಂದರ ಜಾಗಕ್ಕೆ ಇನ್ನೊಂದು ಕಲ್ಲು ಸರಿಯಾಗಿ ಕೂರುವುದಿಲ್ಲ. ಇಂದು ಅದನ್ನು ದುರಸ್ತಿ ಮಾಡುವವರು ಚದುರಿ ಬಿದ್ದ ಪ್ರತಿಯೊಂದು ಕಲ್ಲಿನ ಮೂಲಸ್ಥಾನವನ್ನು ಹುಡುಕಬೇಕು. ಪ್ರತಿ ಕಲ್ಲಿಗೂ ತನ್ನದೇ ಜಾಗವಿರುವ ಕಟ್ಟಡದಲ್ಲಿ ಸಣ್ಣ ಕಲ್ಲು ಎಂಬುದೇ ಇರುವುದಿಲ್ಲ.

*

ಕ್ರಿ.ಪೂ. 447ರಲ್ಲಿ ಪಾರ್ಥೆನಾನಿನ ಕೆಲಸ ಶುರುವಾಯಿತು. 432ರ ಹೊತ್ತಿಗೆ ಶಿಲ್ಪಗಳೂ ಮುಗಿದವು. ವಾಸ್ತುಶಿಲ್ಪಿಗಳಾದ ಇಕ್ಟಿನಸ್, ಕ್ಯಾಲಿಕ್ರಟೀಸ್, ಶಿಲ್ಪಿ ಫಿಡಿಯಸ್ ಎಂಬ ಹೆಸರುಗಳು ಉಳಿದಿವೆ. ಅವುಗಳ ಜೊತೆಗೆ ಖರ್ಚಿನ ಲೆಕ್ಕವೂ ಉಳಿದಿದೆ, ಏಕೆಂದರೆ ಅಥೆನ್ಸಿನವರು ಅದನ್ನು ಕಲ್ಲಿನಲ್ಲಿ ಕೆತ್ತಿಸಿ ಊರಿನ ಕಣ್ಣೆದುರು ನಿಲ್ಲಿಸಿದರು. ಜನರ ಹಣದಲ್ಲಿ ಏಳುವ ಕಟ್ಟಡಕ್ಕೆ ಬಹಿರಂಗ ಲೆಕ್ಕಕ್ಕಿಂತ ಗಟ್ಟಿಯಾದ ಅಡಿಗಲ್ಲಿಲ್ಲ.

*

ಪಕ್ಕದ ಎರೆಕ್ಥಿಯಾನ್ ದೇಗುಲದ ಲೆಕ್ಕದಲ್ಲಿ ಒಂದು ಸಂಗತಿಯಿದೆ. ಕಂಬಕ್ಕೆ ಗೀರುಸಾಲು ಕೊರೆದವರಲ್ಲಿ ನಾಗರಿಕರಿದ್ದರು, ವಲಸೆ ಬಂದವರಿದ್ದರು, ಗುಲಾಮರೂ ಇದ್ದರು. ಕೂಲಿ ಎಲ್ಲರಿಗೂ ಒಂದೇ. ಆದರೆ ಗುಲಾಮನ ಕೂಲಿ ಸೇರಿದ್ದು ಒಡೆಯನ ಕೈಗೆ. ಚಾಣದ ಗುರುತುಗಳಲ್ಲಿ ಯಾವುದು ಯಾರದೆಂದು ಹೇಳಲಾಗದು. ಕಲ್ಲು ಕಾಣದ ಭೇದವನ್ನು ಮನುಷ್ಯ ಕಂಡ, ಈಗಲೂ ಕಾಣುತ್ತಿದ್ದಾನೆ.

*

ಪಾರ್ಥೆನಾನಿನ ಮುಂಬದಿಯ ತ್ರಿಕೋನದಲ್ಲಿ, ನೆಲದಿಂದ ಅಷ್ಟು ಎತ್ತರದಲ್ಲಿ ಕೂರಿಸಿದ ಶಿಲ್ಪಗಳ ಬೆನ್ನನ್ನೂ ಶಿಲ್ಪಿಗಳು ಕಡೆದಿದ್ದರು. ಗೋಡೆಗೆ ಮುಖ ಮಾಡಿದ್ದ ಆ ಬೆನ್ನುಗಳನ್ನು ನೋಡುವವರು ಯಾರೂ ಇರಲಿಲ್ಲ. ಕೆಲಸದ ನಿಯತ್ತು ನೋಟಕರ ಸಂಖ್ಯೆಯನ್ನು ಕೇಳುವುದಿಲ್ಲ.

*

ಪಾರ್ಥೆನಾನನ್ನು ಕಟ್ಟಿದವರು ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಹೊಂದಿಸಿ, ಕಬ್ಬಿಣದ ಕೊಂಡಿ ಹಾಕಿ, ತುಕ್ಕು ಹಿಡಿಯದಂತೆ ಅದರ ಸುತ್ತ ಕರಗಿದ ಸೀಸ ಹುಯ್ದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ದುರಸ್ತಿಗೆ ಇಳಿದವರು ಕಬ್ಬಿಣ ಹಾಕಿದರು, ಸೀಸದ ರಕ್ಷಣೆಯನ್ನು ಬಿಟ್ಟರು. ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಅಮೃತಶಿಲೆಯನ್ನೇ ಸೀಳಿತು. ಈಗ ಅಲ್ಲಿ ಟೈಟೇನಿಯಂ ಬಳಸುತ್ತಾರೆ. ಹಳಬರ ಆಕಾರ ಬೇಗ ಕೈಗೆ ಹತ್ತುತ್ತದೆ. ಅವರ ಎಚ್ಚರ ಕಲಿಯಲು ತಲೆಮಾರುಗಳು ಬೇಕು.

*

ಕಲ್ಲು ಮೇಲಿನಿಂದ ಅದುಮುವ ಭಾರವನ್ನು ತಾಳುತ್ತದೆ. ಬಾಗಿಸುವ ಭಾರಕ್ಕೆ ಬಿರುಕು ಬಿಡುತ್ತದೆ. ಆದ್ದರಿಂದ ಕಲ್ಲಿನ ತೊಲೆ ಉದ್ದವಿರಲಾರದು, ಕಂಬಗಳು ಹತ್ತಿರ ಹತ್ತಿರ ನಿಲ್ಲಬೇಕು. ನಾವು ಸೊಬಗೆಂದು ಮೆಚ್ಚುವ ಆ ಕಂಬಸಾಲು ಕಲ್ಲಿನ ದೌರ್ಬಲ್ಯವನ್ನು ಅರಿತು ನಡೆದವರ ಕೊಡುಗೆ. ವಸ್ತುವಿನ ಮಿತಿಯನ್ನು ಒಪ್ಪಿಕೊಂಡ ಕೈಗೆ ಚೆಲುವು ತಾನಾಗಿ ಒಲಿಯುತ್ತದೆ.

*

ನಮ್ಮ ಇಂದಿನ ಕಟ್ಟಡಗಳಲ್ಲಿ ಉಕ್ಕು ಸೇರಿದ ಕಾಂಕ್ರೀಟು ಹಗಲಿರುಳೂ ಭಾರ ಹೊರುತ್ತಿರುವಾಗ, ಅದರ ಮುಂದೆ ಏನನ್ನೂ ಹೊರದ ಕಂಬಗಳನ್ನು ಅಂಟಿಸುತ್ತೇವೆ. ಗ್ರೀಕರನ್ನು ಅನುಸರಿಸಿದೆವೆಂದು ಬೀಗುವಾಗಲೇ ಅವರಿಂದ ಅತಿ ದೂರ ಬಂದಿರುತ್ತೇವೆ.

*

ಎಫೆಸಸ್‌ನ ಆರ್ಟೆಮಿಸ್ ದೇಗುಲಕ್ಕೆ ಕಲ್ಲುಗಣಿಯಿಂದ ಕಂಬ ಸಾಗಿಸಬೇಕಾಗಿತ್ತು. ಬಂಡಿಯಲ್ಲಿಟ್ಟರೆ ಗಾಲಿ ಮಣ್ಣಿನಲ್ಲಿ ಹೂತುಹೋಗುತ್ತದೆ. ವಾಸ್ತುಶಿಲ್ಪಿ ಖೆರ್ಸಿಫ್ರಾನ್ ಕಂಬದ ಎರಡು ತುದಿಗೂ ಕಬ್ಬಿಣದ ಗೂಟ ಬಿಗಿದು, ಕಂಬವನ್ನೇ ಉರುಳೆಯಾಗಿಸಿ ಎತ್ತುಗಳಿಂದ ಎಳೆಸಿದ. ತೊಲೆಗಳು ಉರುಳುವ ಆಕಾರದವಲ್ಲ. ಮಗ ಮೆಟಾಜಿನಿಸ್ ಅವುಗಳ ಎರಡೂ ತುದಿಗೆ ದೊಡ್ಡ ಗಾಲಿ ಕಟ್ಟಿದ. ಅಪ್ಪನ ಉಪಾಯ ಮುಗಿದ ಜಾಗದಿಂದ ಮಗನ ಉಪಾಯ ಹೊರಟರೆ ಅದಕ್ಕೆ ಪರಂಪರೆ ಎನ್ನಬಹುದು.

*

ಸೇಮಾಸ್ ದ್ವೀಪದಲ್ಲಿ ಯೂಪಲಿನಸ್ ಕ್ರಿ.ಪೂ. ಆರನೆಯ ಶತಮಾನದಲ್ಲೇ ಊರಿಗೆ ನೀರು ತರಲು ಬೆಟ್ಟದ ಎರಡೂ ಬದಿಯಿಂದ ಸುರಂಗ ಕೊರೆಸಿದ. ಉದ್ದ 1,036 ಮೀಟರ್. ಎರಡು ತಂಡಗಳು ಒಂದನ್ನೊಂದು ದಾಟಿ ಹೋಗದಂತೆ, ಸೇರುವ ಜಾಗ ಹತ್ತಿರವಾದಾಗ ದಾರಿಯನ್ನು ಬೇಕೆಂದೇ ಬಾಗಿಸಿದ. ತನ್ನ ಲೆಕ್ಕದಲ್ಲೂ ತಪ್ಪಿರಬಹುದೆಂದು ಮೊದಲೇ ಎಣಿಸಿ ಅದಕ್ಕೆ ಜಾಗ ಬಿಟ್ಟವನನ್ನು ಎಂಜಿನಿಯರ್ ಎನ್ನುತ್ತೇವೆ.

*

ಎಪಿಡಾರಸ್‌ನ ರಂಗಮಂದಿರದಲ್ಲಿ ಸುಣ್ಣಕಲ್ಲಿನ ಆಸನಗಳು 55 ಸಾಲುಗಳಲ್ಲಿ ಗುಡ್ಡದ ಇಳಿಜಾರಿಗೆ ಒರಗಿವೆ. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಸಾವಿರಾರು ಜನ ಅಲ್ಲಿ ಕೂತು ನಾಟಕ ಕೇಳಿದರು. ಸಭಾಂಗಣದ ನಕ್ಷೆ ಬರೆಯುವವನು ಕೊನೆಯ ಸಾಲಿನವನ ಕಿವಿಯಿಂದ ಆರಂಭಿಸಲಿ. ಮೊದಲ ಸಾಲಿನವನು ಹೇಗೂ ಕೇಳಿಸಿಕೊಳ್ಳುತ್ತಾನೆ.

*

ಅದೇ ಎಪಿಡಾರಸ್ ಕಾಯಿಲೆಯವರು ಗುಣ ಬೇಡಿ ಬರುತ್ತಿದ್ದ ಕ್ಷೇತ್ರ. ಅಲ್ಲಿನ ಅಸ್ಕ್ಲೇಪಿಯಸ್ ದೇಗುಲದ ಮುಂದೆ ಕಲ್ಲಿನ ಇಳಿಜಾರು ಹಾದಿಯಿದೆ. 2020ರಲ್ಲಿ ಪಾರ್ಥೆನಾನ್ ನಿಂತಿರುವ ಅಕ್ರೊಪೊಲಿಸ್ ಬೆಟ್ಟಕ್ಕೂ ಗಾಲಿಕುರ್ಚಿಯವರಿಗಾಗಿ ಹೊಸ ಲಿಫ್ಟ್ ಬಂತು. ನಡೆಯಲಾರದವರೂ ತಲುಪುವ ಬಾಗಿಲು ಎಲ್ಲಕ್ಕಿಂತ ದೊಡ್ಡ ಬಾಗಿಲು.

*

ಬಿಳಿಯೆಂದು ಲೋಕ ಕೊಂಡಾಡಿದ ಗ್ರೀಕ್ ದೇಗುಲಗಳ ಮೇಲೆ ಒಂದು ಕಾಲಕ್ಕೆ ಕೆಂಪು, ನೀಲಿ ಬಣ್ಣಗಳಿದ್ದವು. ಮಳೆಬಿಸಿಲಿಗೆ ಬಣ್ಣ ಹೋಯಿತು. ಉಳಿದ ಬಿಳುಪನ್ನೇ ಮುಂದಿನವರು ಆದರ್ಶವೆಂದು ನಂಬಿ ಊರೂರನ್ನೇ ಕಟ್ಟಿದರು. ಕಾಲ ಅಳಿಸಿದ್ದನ್ನು ಕಲೆಗಾರನ ಆಯ್ಕೆಯೆಂದು ತಿಳಿಯುವುದು ಇತಿಹಾಸದಲ್ಲಿ ಪದೇ ಪದೇ ಆಗುವ ತಪ್ಪು.

*

ಬರ್ಲಿನ್ನಿನ ಬ್ರಾಂಡನ್‌ಬರ್ಗ್ ದ್ವಾರ ಅಕ್ರೊಪೊಲಿಸ್‌ನ ಹೆಬ್ಬಾಗಿಲನ್ನು ನೋಡಿ ಹುಟ್ಟಿತು. ವಾಷಿಂಗ್ಟನ್ನಿನ ಲಿಂಕನ್ ಸ್ಮಾರಕಕ್ಕೆ ಡೋರಿಕ್ ಶೈಲಿಯ 36 ಕಂಬಗಳು. ಅದರ ಮೆಟ್ಟಿಲ ಮೇಲೆ ನಿಂತು 1963ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಸಮಾನತೆಯ ಕನಸನ್ನು ನುಡಿದರು. ಹಿಟ್ಲರನ ಆಡಳಿತವೂ ಮ್ಯೂನಿಕ್ಕಿನ ಕಲಾಭವನಕ್ಕೆ ಉದ್ದನೆಯ ಕಂಬಸಾಲನ್ನೇ ಆರಿಸಿಕೊಂಡಿತು. ಕಂಬಕ್ಕೆ ಪಕ್ಷವಿಲ್ಲ. ಅದರ ನೆರಳಲ್ಲಿ ಏನು ನಡೆಯಿತೆಂಬುದೇ ಅದರ ಅರ್ಥ.

*

ಬೆಂಗಳೂರಿನ ಅಠಾರಾ ಕಚೇರಿ 1868ರಲ್ಲಿ ಬ್ರಿಟಿಷರ ಆಡಳಿತಕ್ಕಾಗಿ ಎದ್ದ ಗ್ರೀಕ್-ರೋಮನ್ ಶೈಲಿಯ ಕೆಂಪು ಕಟ್ಟಡ. ಅದೀಗ ಕರ್ನಾಟಕದ ಹೈಕೋರ್ಟ್. ಆಳುವವರ ಗತ್ತಿಗಾಗಿ ಬಂದ ಕಂಬಗಳ ನಡುವೆ ಇಂದು ನ್ಯಾಯ ಕೇಳಿಕೊಂಡು ಜನ ಓಡಾಡುತ್ತಾರೆ. ಕಟ್ಟಡವನ್ನು ಕೆಡವದೆಯೂ ಗೆದ್ದುಕೊಳ್ಳಬಹುದು.

*

ಆಧುನಿಕ ವಾಸ್ತುಶಿಲ್ಪಿ ಲ ಕಾರ್ಬೂಸಿಯೇ 1911ರಲ್ಲಿ ಅಕ್ರೊಪೊಲಿಸ್ ಏರಿದರು. 1923ರ ತಮ್ಮ ಪುಸ್ತಕದಲ್ಲಿ ಗ್ರೀಕ್ ದೇಗುಲಗಳ ಚಿತ್ರಗಳ ಪಕ್ಕದಲ್ಲೇ ಮೋಟಾರು ಕಾರುಗಳ ಚಿತ್ರ ಹಾಕಿದರು. ಒಂದು ಮಾದರಿಯನ್ನು ಹಿಡಿದು, ಮತ್ತೆ ಮತ್ತೆ ತಿದ್ದಿ, ಇನ್ನು ತಿದ್ದಲಾಗದ ಹಂತಕ್ಕೆ ತರುವ ಹಟವನ್ನು ಅವರು ಎರಡರಲ್ಲೂ ಕಂಡರು. ಗ್ರೀಕ್ ಕಂಬದ ನಕಲಿನಲ್ಲಿ ನಿಲ್ಲದೆ ಅವರು ಗ್ರೀಕರ ಒಳ್ಳೆಯ ಶಿಷ್ಯರಾದರು.

*

ಪಾರ್ಥೆನಾನ್ ದೇಗುಲವಾಗಿತ್ತು, ಚರ್ಚಾಯಿತು, ಮಸೀದಿಯಾಯಿತು; ಭೂಕಂಪಗಳನ್ನೂ ತಾಳಿಕೊಂಡಿತು. 1687ರಲ್ಲಿ ಅದರೊಳಗೆ ತುಂಬಿಟ್ಟಿದ್ದ ಮದ್ದಿನ ಮೇಲೆ ವೆನಿಸ್ ಸೇನೆಯ ಗುಂಡು ಬಿದ್ದು ನಡುಭಾಗ ಸಿಡಿದುಹೋಯಿತು. ಎರಡು ಸಾವಿರ ವರ್ಷಗಳ ಮಳೆಗಾಳಿಯಿಂದಾಗದ ಕೆಡುಕನ್ನು ಯುದ್ಧ ಒಂದೇ ದಿನದಲ್ಲಿ ಮಾಡಿತು. ಕಟ್ಟುವ ವಿದ್ಯೆಯಷ್ಟೇ ಕಾಯುವ ವಿದ್ಯೆಯನ್ನೂ ನಾಗರಿಕತೆ ಕಲಿಯಬೇಕು.

*

ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ ಕಟ್ಟಿಸುವವರು ಗ್ರೀಕರ ಕಂಬ ತರುವುದು ಬೇಡ. ನೋಡುವ ಕಣ್ಣಿಗೆ, ಕೇಳುವ ಕಿವಿಗೆ, ಹತ್ತುವ ಕಾಲಿಗೆ ತಕ್ಕ ಅಳತೆಯನ್ನು ತರಲಿ; ಕಾಣದ ಬೆನ್ನನ್ನೂ ಕಡೆಯುವ ನಿಯತ್ತನ್ನು ತರಲಿ; ಲೆಕ್ಕವನ್ನು ಜನರ ಮುಂದಿಡುವ ಧೈರ್ಯವನ್ನು ತರಲಿ. ಇವುಗಳಲ್ಲಿ ಯಾವುದಕ್ಕೂ ಅಮೃತಶಿಲೆ ಬೇಕಿಲ್ಲ. ನಮ್ಮ ಹಂಚಿನ ಮಾಡಿನ ಶಾಲೆಗೂ ಇವು ಮೂರೂ ಸಲ್ಲುತ್ತವೆ.